ಎಡಗಿವಿಯ ಸಿನಿಮಾ

ಮನೆಯ ಮುಂಗೋಣೆಯಿಂದ, ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು
ತಾರೀಖು ಒಂಬತ್ತು, ಭಾನುವಾರ ಮಧ್ಯಾಹ್ನ

ನಮ್ಮ ಟೇಪಮ್ಮನಿಗೆ ಅಜ್ಜಿಯ ಮುದ್ದು.

ಹೇಗಿದ್ದೀಯ ಮಗಳೇ? ಹಿಮ್ಮಡಿಯ ಬೊಬ್ಬೆ ಒಣಗಿತೋ ಇಲ್ಲವೋ? ಹೊಸ ಬೂಟು ಕಚ್ಚುತ್ತದೆ ಎಂದು ಬರೆದಿದ್ದೆ. ಹಳೆಯ ಬನಿಯನ್ ಬಟ್ಟೆ ಮಡಿಸಿ ಒಳಗೆ ಇಟ್ಟುಕೋ, ನಾಚಿಕೊಳ್ಳಬೇಡ, ಬೂಟಿನೊಳಗೆ ಯಾರೂ ಇಣುಕಿ ನೋಡುವುದಿಲ್ಲ. ಡೇರೆಯಲ್ಲಿ ಮಲಗುವಾಗ ಕಿವಿ ಮುಚ್ಚುವ ಹಾಗೆ ಬಟ್ಟೆ ಸುತ್ತಿಕೋ. ಅಂಬೆಗಾಲಿಡುವಾಗಲೇ ನನ್ನ ಅಳತೆ ಟೇಪು ಕಸಿದುಕೊಂಡು ಬೆಕ್ಕಿನ ಬಾಲದಿಂದ ಹಿಡಿದು ತಾತನ ಮೂಗಿನವರೆಗೆ ಎಲ್ಲವನ್ನೂ ಅಳೆಯುತ್ತಿದ್ದವಳು ನೀನು. ಟೇಪಮ್ಮ ಎಂದು ಕರೆದದ್ದು ಸುಮ್ಮನೆ ಹೋಗಲಿಲ್ಲ ನೋಡು, ಈಗ ಬೆಟ್ಟದ ರಸ್ತೆಯನ್ನೇ ಅಳೆಯುತ್ತಿದ್ದೀಯ. ಅಲ್ಲಿ ಫೋನು ಸತ್ತ ಹಾಗೆ ಬಿದ್ದಿರುತ್ತದೆ, ಸಾಮಾನಿನ ವ್ಯಾನಿನಲ್ಲಿ ಬರುವ ಕಾಗದವೇ ಗತಿ ಎಂದು ನೀನು ಗೋಳಾಡಿದ್ದನ್ನು ಓದಿ ನನಗೆ ಒಳಗೊಳಗೇ ಖುಷಿಯಾಯಿತು. ಫೋನಿನಲ್ಲಾದರೆ ನೀನು ‘ಹ್ಞೂಂ ಅಜ್ಜಿ, ಸರಿ ಅಜ್ಜಿ, ಇಡ್ತೀನಿ ಅಜ್ಜಿ’ ಅನ್ನುತ್ತೀಯ. ಕಾಗದದಲ್ಲಿ ನನ್ನ ಮಾತು ಮುಗಿಯುವವರೆಗೆ ನೀನು ಇಡುವ ಹಾಗಿಲ್ಲ.

‘ಇಲ್ಲಿ ಸಿನಿಮಾ ಇಲ್ಲ, ಹಾಡಿಲ್ಲ, ಬರೀ ಕಲ್ಲು. ನೀವಿಬ್ಬರೂ ನೋಡಿದ ಸಿನಿಮಾಗಳು ಹೇಗಿದ್ವು ಅಂತ ಬರಿ ಅಜ್ಜಿ, ಪೇಪರಿನವರು ಬರೆಯೋ ಹಾಗೆ ಬೇಡ, ನಿನಗೆ ಅನ್ನಿಸಿದ ಹಾಗೆ ಬರಿ’ ಎಂದು ಕೇಳಿದ್ದೀಯ. ಕೇಳಬಾರದವಳನ್ನು ಕೇಳಿದ್ದೀಯ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದೇ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರುಗಳನ್ನು ನೋಡಿ. ಅದಕ್ಕೇ ಇವತ್ತಿಗೂ ನನ್ನ ಅಕ್ಷರಗಳು ಇಷ್ಟು ದಪ್ಪ, ನಾಲ್ಕು ಮಾತು ಬರೆಯುವಷ್ಟರಲ್ಲಿ ಪುಟ ತುಂಬಿಹೋಗುತ್ತದೆ. ವ್ಯಾನಿನವನು ಇದೇನಮ್ಮ ಇಷ್ಟು ಭಾರ ಎಂದರೆ ಅದಕ್ಕೆ ಹೊಣೆ ನೀನು.

ತಾತ ಚೆನ್ನಾಗಿದ್ದಾರೆ. ಊಟ, ನಿದ್ದೆ, ಜಗಳ ಮೂರೂ ಹೊತ್ತುಹೊತ್ತಿಗೆ ಸರಿಯಾಗಿ ಆಗುತ್ತಿವೆ. ಕಣ್ಣು ಮಾತ್ರ ನೀನು ಹೋದಾಗ ಇದ್ದ ಹಾಗಿಲ್ಲ. ಎರಡೂ ಕಣ್ಣಿನ ಪೊರೆ ಬಲಿತಿದೆ. ಬೆಳಕು ಗೊತ್ತಾಗುತ್ತದೆ, ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ, ಅದು ನಾನೋ ಕೋಟು ನೇತುಹಾಕಿದ ಗೂಟವೋ ಗೊತ್ತಾಗುವುದಿಲ್ಲ. ಮೊನ್ನೆ ಗೂಟದ ಹತ್ತಿರ ಟೀ ಕೇಳಿ, ಅದು ಉತ್ತರ ಕೊಡಲಿಲ್ಲವೆಂದು ನನ್ನ ಮೇಲೆ ಮುನಿಸಿಕೊಂಡರು. ಕಣ್ಣಿನ ಡಾಕ್ಟರಮ್ಮ ನನ್ನೆದುರಿಗೇ ಹೇಳಿದರು, ‘ಇನ್ನು ತಡ ಮಾಡಬೇಡಿ. ಪೊರೆ ತೀರಾ ಬಲಿತುಬಿಟ್ಟರೆ ತೆಗೆಯೋದು ಕಷ್ಟ, ಆಮೇಲೆ ಕಣ್ಣಿಗೇ ಅಪಾಯ’ ಎಂದು. ದೊಡ್ಡ ಆಪರೇಷನ್ ಏನಲ್ಲ, ಮಾರನೆಯ ದಿನವೇ ಪಟ್ಟಿ ಬಿಚ್ಚುತ್ತಾರಂತೆ. ಆದರೆ ನಿನ್ನ ತಾತ ಯಾರು? ಜೀವಮಾನವೆಲ್ಲ ಬಸ್ಸು ಓಡಿಸಿದವರು. ಇನ್ನೊಬ್ಬರು ಓಡಿಸುವ ಬಸ್ಸಿನಲ್ಲಿ ಕೂತರೆ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುವವರು. ‘ನಾನು ಮಲಗಿರಬೇಕು, ಸ್ಟೇರಿಂಗು ಇನ್ನೊಬ್ಬರ ಕೈಲಿರಬೇಕು, ಅದೂ ನನ್ನ ಕಣ್ಣೊಳಗೆ. ಆಗಲ್ಲಮ್ಮ’ ಎಂದು ಹೇಳಿ ಎದ್ದು ಬಂದೇಬಿಟ್ಟರು. ಬರುವ ಆತುರದಲ್ಲಿ ಬೇರೆ ಯಾರದ್ದೋ ಕೋಟು ಹಾಕಿಕೊಂಡು ಬಂದಿದ್ದರು, ಅದನ್ನು ಹಿಂತಿರುಗಿಸಲು ನಾನು ಮತ್ತೆ ಅಷ್ಟು ದೂರ ಹೋಗಬೇಕಾಯಿತು. ಆ ಕೋಟಿನ ತೋಳಿನ ಹೊಲಿಗೆ ಬಿಟ್ಟಿತ್ತು. ಕೊಡುವ ಮೊದಲು ಹಾಕಿಯೇ ಕೊಟ್ಟೆ, ಕೈ ಸುಮ್ಮನಿರುವುದಿಲ್ಲ.

ಸಿನಿಮಾ ಮಾತ್ರ ನಾವು ಬಿಟ್ಟಿಲ್ಲ. ಮೊದಲಿನ ಹಾಗೆಯೇ ಶನಿವಾರದ ಮ್ಯಾಟಿನಿ, ಗೋಡೆ ಪಕ್ಕದ ಸೀಟು. ನಾನು ತಾತನ ಎಡಕ್ಕೆ ಕೂರುತ್ತೇನೆ, ಅವರ ಬಲಗಿವಿ ಬಸ್ಸಿನ ಕಿಟಕಿಯ ಗಾಳಿಗೆ ಯಾವತ್ತೋ ಮಂದವಾಗಿದೆ. ಪರದೆಯ ಮೇಲಿನವರು ಮಾತಾಡಿದ್ದು ತಾತನಿಗೇ ಕೇಳುತ್ತದೆ. ಮಾತಿಲ್ಲದ ಕಡೆ ಏನಾಗುತ್ತಿದೆ ಎಂದು ನಾನು ಕಿವಿಯಲ್ಲಿ ಹೇಳುತ್ತೇನೆ. ಈಗ ಬಾಗಿಲು ತೆಗೆದ. ಈಗ ಅವಳು ನೋಡಿದಳು. ನೋಡಿಯೂ ನೋಡದ ಹಾಗೆ ಮಾಡಿದಳು. ಮೊದಲ ದಿನ ಹಿಂದಿನ ಸಾಲಿನ ಹೆಂಗಸೊಬ್ಬಳು ಶ್ ಶ್ ಎಂದು ಹಾವಿನ ಹಾಗೆ ಬುಸುಗುಟ್ಟಿದಳು. ಮಧ್ಯಂತರ ಕಳೆದ ಮೇಲೆ ಅವಳೇ ಮುಂದಕ್ಕೆ ಬಾಗಿ, ‘ಸ್ವಲ್ಪ ಜೋರಾಗಿ ಹೇಳಿ ಅಜ್ಜಿ, ಪರದೆ ಮೇಲಿರೋದಕ್ಕಿಂತ ನಿಮ್ಮದೇ ಚೆನ್ನಾಗಿದೆ’ ಎಂದಳು. ಈಗ ನಾವು ಹೋದರೆ ನಮ್ಮ ಹಿಂದಿನ ಸಾಲು ಮೊದಲು ತುಂಬುತ್ತದೆ.

ಇನ್ನು ನೀನು ಕೇಳಿದ ಸಿನಿಮಾಗಳು. ಮೊದಲು ನೋಡಿದ್ದು ಹೊಡೆದಾಟದ್ದು. ಬ್ಯಾಂಕು ದೋಚಿದವರನ್ನು ನಾಯಕ ಬಸ್ಸಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ, ಅಷ್ಟೇ ಕಥೆ, ಉಳಿದದ್ದೆಲ್ಲ ಧೂಳು. ಹೊಲಿಗೆಯವಳ ಕಣ್ಣು ಎಲ್ಲಿ ಹೋಗುತ್ತದೆ ಹೇಳು? ನಾಯಕ ಮಹಡಿಯಿಂದ ಕೆಸರಿಗೆ ಬೀಳುತ್ತಾನೆ, ಎದ್ದು ನಿಂತಾಗ ಅಂಗಿ ಈಗ ತಾನೆ ಇಸ್ತ್ರಿ ಮಾಡಿದ ಹಾಗಿದೆ. ಎದೆಯ ಮೇಲಿನ ಗುಂಡಿ ಹೊಡೆದಾಟದಲ್ಲಿ ಕಿತ್ತುಹೋಯಿತು, ಹಾಡಿನಲ್ಲಿ ವಾಪಸ್ಸು ಬಂತು, ಅಮ್ಮನ ಮಡಿಲಲ್ಲಿ ಅಳುವಾಗ ಮತ್ತೆ ಹೋಯಿತು. ಖಳನಾಯಕನ ಕೋಟು ಮಾತ್ರ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು, ಭುಜದ ಹತ್ತಿರ ಒಂದು ಸುಕ್ಕಿಲ್ಲ. ಅಂಥ ಕೋಟು ಹೊಲಿಸಿಕೊಳ್ಳುವ ತಾಳ್ಮೆ ಇರುವವನು ಬ್ಯಾಂಕು ಯಾಕೆ ದೋಚುತ್ತಾನೆ? ನನಗೆ ನಂಬಿಕೆ ಬರಲಿಲ್ಲ. ತಾತ ಕಿವಿಯಲ್ಲೇ ಬಸ್ಸು ನೋಡುತ್ತಿದ್ದರು. ಏರುದಾರಿ ಬಂದಾಗ ಎದ್ದು ನಿಂತು, ‘ಅಯ್ಯೋ, ಗೇರು ಇಳಿಸೋ. ಇಂಜಿನ್ ಅಳ್ತಾ ಇದೆ, ಕೇಳಿಸ್ತಿಲ್ವಾ ನಿನಗೆ?’ ಎಂದು ನಾಯಕನಿಗೆ ಬೈದರು. ಥಿಯೇಟರಿಗೆ ಥಿಯೇಟರೇ ನಕ್ಕಿತು. ತಾತನ ತೀರ್ಪು: ಕಳ್ಳರನ್ನು ಬಿಟ್ಟರೂ ಪರವಾಗಿಲ್ಲ, ಆ ನಾಯಕನ ಲೈಸೆನ್ಸು ಮೊದಲು ಕಿತ್ತುಕೊಳ್ಳಬೇಕು. (ಈಗ ಪಕ್ಕದಲ್ಲೇ ಕೂತಿದ್ದಾರೆ. ಬರೆದದ್ದನ್ನು ಬರೆದ ಹಾಗೆ ಓದಿಸಿಕೊಳ್ಳುತ್ತಿದ್ದಾರೆ. ‘ಇಂಜಿನ್ ಬಗ್ಗೆ ಇನ್ನೂ ನಾಲ್ಕು ಮಾತು ಬರಿ, ಅವಳಿಗೆ ಉಪಯೋಗಕ್ಕೆ ಬರುತ್ತೆ’ ಅನ್ನುತ್ತಿದ್ದಾರೆ. ಯಾವ ಉಪಯೋಗಕ್ಕೋ ನಾ ಕಾಣೆ.)

ಎರಡನೆಯದು ಅಳುವ ಸಿನಿಮಾ. ಕರವಸ್ತ್ರ ತಂದಿರಾ ಎಂದು ಬಾಗಿಲಲ್ಲೇ ಕೇಳಿ ಒಳಗೆ ಬಿಡುವಂಥದ್ದು. ಒಬ್ಬಳು ಹುಡುಗಿ, ಅವಳ ಗಂಡ ಮಾತೆತ್ತಿದರೆ ಕೈ ಎತ್ತುವವನು. ಕೊನೆಗೆ ಅವಳು ಪೆಟ್ಟಿಗೆ ಹಿಡಿದು ರೈಲ್ವೆ ನಿಲ್ದಾಣದಲ್ಲಿ ನಿಲ್ಲುತ್ತಾಳೆ. ಮಾತಿಲ್ಲ, ಬರೀ ಪಿಟೀಲು. ರೈಲು ಬರುತ್ತದೆ, ಅವಳು ಅದರ ಕಡೆ ನೋಡುತ್ತಾಳೆ, ಮನೆಯ ಕಡೆ ನೋಡುತ್ತಾಳೆ, ಆಮೇಲೆ ಮಂಗನ ಹಾಗೆ ತಿರುಗಿ ಅದೇ ಗಂಡನ ಮನೆಗೆ ನಡೆಯುತ್ತಾಳೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಪಸ್ಸು ಹೋದಳು ಎನ್ನುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ ಮಗಳೇ. ‘ಆಮೇಲೆ?’ ಎಂದು ತಾತ ಕೇಳಿದರು. ‘ರೈಲು ಹತ್ತಿದಳು’ ಎಂದೆ. ಹತ್ತಿಸಿದ ಮೇಲೆ ಎಲ್ಲಾದರೂ ಇಳಿಸಬೇಕಲ್ಲ, ಒಂದು ಊರಿನಲ್ಲಿ ಇಳಿಸಿ ಹೊಲಿಗೆ ಅಂಗಡಿ ಹಾಕಿಕೊಟ್ಟೆ. ಪಿಟೀಲು ಇನ್ನೂ ನಡೆಯುತ್ತಿತ್ತು, ಹಾಗಾಗಿ ಅಂಗಡಿಗೆ ನೀಲಿ ಬಣ್ಣದ ಬಾಗಿಲನ್ನೂ ಇಟ್ಟೆ. ತಾತ ಕಣ್ಣೊರೆಸಿಕೊಂಡು, ‘ಒಳ್ಳೆ ಹುಡುಗಿ, ಬುದ್ಧಿವಂತೆ’ ಎಂದರು. ಹಿಂದಿನ ಸಾಲಿನ ಹೆಂಗಸು ನನ್ನ ಭುಜ ತಟ್ಟಿ ಹೋದಳು.

ಒಮ್ಮೆ ಆ ರುಚಿ ಹತ್ತಿದ ಮೇಲೆ ಬಿಡುವುದುಂಟೆ? ಮೂರನೆಯದು ನಾಯಿಯ ಸಿನಿಮಾ. ಒಂಟಿ ಮುದುಕ, ಅವನದೊಂದು ಕುಂಟ ನಾಯಿ. ಇಬ್ಬರೂ ದಿನಾ ಸಂಜೆ ಸೇತುವೆಯವರೆಗೆ ನಡೆದು ಹೋಗಿ ಬರುತ್ತಾರೆ. ನಾನು ನೋಡಿದ ಸಿನಿಮಾಗಳಲ್ಲೇ ಇದು ಬಹಳ ಒಳ್ಳೆಯದು ಎಂದು ಬರೆದುಕೋ. ಮುದುಕನ ಸ್ವೆಟರಿನ ಮೊಣಕೈ ಸವೆದದ್ದು ನಿಜವಾಗಿ ಸವೆದದ್ದೇ, ಉಜ್ಜಿ ಸವೆಸಿದ್ದಲ್ಲ. ಆದರೆ ಕೊನೆಯಲ್ಲಿ ಸೇತುವೆಯ ಮೇಲೆ ನಾಯಿ ಮಲಗುತ್ತದೆ, ಏಳುವುದಿಲ್ಲ. ಮುದುಕ ಬರೀ ಹಗ್ಗ ಹಿಡಿದು ಮನೆಗೆ ಬರುತ್ತಾನೆ. ನಾನು ಏನು ಮಾಡಲಿ? ಹಗ್ಗದ ಆ ತುದಿಗೆ ನಾಯಿಯನ್ನು ಕಟ್ಟಿಯೇ ಕಳಿಸಿದೆ. ‘ಬಾಲ ಅಲ್ಲಾಡಿಸ್ತಿದೆಯಾ?’ ಎಂದು ತಾತ ಕೇಳಿದರು. ‘ಕುಂಟಿಕೊಂಡೇ ಅಲ್ಲಾಡಿಸ್ತಿದೆ’ ಎಂದೆ.

ಇದು ಹೀಗೇ ನಡೆಯುತ್ತಿತ್ತೋ ಏನೋ. ತಾತ ಮೀಸೆ ಕತ್ತರಿಸಿಕೊಳ್ಳಲು ಬೀದಿ ತಿರುವಿನ ಕಟಿಂಗ್ ಅಂಗಡಿಗೆ ಹೋದರು. ಅಲ್ಲಿ ಅಂಗಡಿಯವನೂ ಪಕ್ಕದ ಸೈಕಲ್ ರಿಪೇರಿಯವನೂ ಅದೇ ಸಿನಿಮಾದ ಮಾತು ತೆಗೆದಿದ್ದರಂತೆ. ‘ನಾಯಿ ಸತ್ತಿದ್ದು ನೋಡಿ ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ, ನಾನೇ ಕೊಂದ ಹಾಗೆ’ ಎಂದ ಅಂಗಡಿಯವನು. ಅರ್ಧ ಮೀಸೆ ಕತ್ತರಿಸಿ ಆಗಿತ್ತು. ತಾತ ಅವನ ಕೈ ಹಿಡಿದು ನಿಲ್ಲಿಸಿದರು. ‘ಯಾವ ನಾಯಿ ಸತ್ತಿತು? ನಾಯಿ ಸಾಯಲ್ಲ ಕಣಯ್ಯಾ.’

‘ಸಾಯುತ್ತೆ ತಾತ.’

‘ಬಾಲ ಅಲ್ಲಾಡಿಸಿಕೊಂಡು ಮನೆಗೆ ಬರುತ್ತೆ. ನಾನು ನೋಡಿದೀನಿ.’

‘ನೀವು ನೋಡಿದ್ರಾ ತಾತ?’ ಎಂದು ಸೈಕಲ್ಲಿನವನು ಕೇಳಿದನಂತೆ. ಪಾಪ, ಕುಹಕದಿಂದ ಕೇಳಿದ್ದಲ್ಲ, ಬಾಯಿಗೆ ಬಂದದ್ದು ಕೇಳಿದ.

ತಾತ ಅರ್ಧ ಮೀಸೆಯಲ್ಲೇ ಮನೆಗೆ ಬಂದರು. ಬಂದವರು ಕುರ್ಚಿಯಲ್ಲಿ ಕೂತು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ನಾನು ಕತ್ತರಿ ಕೆಳಗಿಟ್ಟೆ. ಕಟಿಂಗ್ ಅಂಗಡಿಯಲ್ಲಿ ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಕೇಳಿದರು: ‘ಆ ಹುಡುಗಿ ಹೊಲಿಗೆ ಅಂಗಡಿ ಇಟ್ಟಿದ್ದು?’ ಇಲ್ಲ ಎಂದೆ. ‘ವಾಪಸ್ಸು ಆ ಗಂಡನ ಹತ್ತಿರವೇ ಹೋದಳಾ?’ ಹೋದಳು ಎಂದೆ. ‘ಥೂ’ ಎಂದರು. ನನಗೋ ಅವಳಿಗೋ ತಿಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕುಟ್ಟಿದ ಮೇಲೆ, ‘ನಿನ್ನ ಸಿನಿಮಾಗಳೇ ಚೆನ್ನಾಗಿದ್ವು ಬಿಡು. ನೀಲಿ ಬಾಗಿಲು ಎಷ್ಟು ಚೆನ್ನಾಗಿತ್ತು’ ಎಂದರು. ಸದ್ಯ, ಜಗಳವಿಲ್ಲದೆ ಮುಗಿಯಿತಲ್ಲ ಎಂದು ನಾನು ಟೀ ಇಡಲು ಹೊರಟೆ. ಆಗ ಹಿಂದಿನಿಂದ ಹೇಳಿದರು: ‘ಇನ್ನು ಆ ಡಾಕ್ಟರಮ್ಮನ ಮಾತು ಎತ್ತಬೇಡ. ನನಗೆ ಕಣ್ಣು ಬಂದರೆ ಆ ನಾಯಿ ಸಾಯುತ್ತೆ.’

ಆಗ ನಕ್ಕೆ. ಒಲೆಯ ಮುಂದೆ ನಿಂತಾಗ ನಗು ಹೋಯಿತು. ನಾನು ಮೆತ್ತಗಿರಲಿ ಎಂದು ಹಾಸಿದ ಹಾಸಿಗೆಯಲ್ಲಿ ಈ ಮನುಷ್ಯ ಹೊದ್ದು ಮಲಗಿಯೇಬಿಟ್ಟಿದ್ದಾರೆ, ಇನ್ನು ಇವರನ್ನು ಎಬ್ಬಿಸುವುದು ಹೇಗೆ? ನಾನು ಎಷ್ಟು ಚೆಂದವಾಗಿ ಹೇಳಿದರೆ ಅಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಎದುರಿಗಿಟ್ಟ ಲೋಟವನ್ನು ಕೈಯಿಂದ ತಡವಿ ಹುಡುಕುವಾಗ ಅವರ ಮುಖ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ರಾತ್ರಿ ಬಸ್ಸಿಗೂ ದಾರಿ ಕಂಡವರು ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾರೆ. ನಾನು ಬೇಡಿಕೊಂಡೆ, ಬೈದೆ, ಒಂದು ಹೊತ್ತು ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ, ಗೂಟದ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. (ಇದನ್ನು ಓದಿ ಹೇಳಿದಾಗ ‘ಅದು ಸುಳ್ಳು’ ಎಂದರು. ಇರಲಿ, ಹೊಡೆದುಹಾಕುವುದಿಲ್ಲ.)

ಇನ್ನು ನಾಲ್ಕನೆಯ ಸಿನಿಮಾ, ಎಲ್ಲವೂ ಇದರಿಂದಲೇ ಆದದ್ದು. ದೊಡ್ಡ ನದಿ. ಅದರಲ್ಲಿ ಜನರನ್ನು ದಾಟಿಸುವ ದೋಣಿ. ದೋಣಿ ನಡೆಸುವವನು ನಮ್ಮ ತಾತನ ವಯಸ್ಸಿನವನು, ತಾತನಷ್ಟೇ ಮುಂಗೋಪಿ. ದಿನಾ ಸಂಜೆ ಒಬ್ಬ ಹೆಂಗಸು ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಆ ದಡಕ್ಕೆ ಹೋಗುತ್ತಾಳೆ, ಎಲ್ಲರೂ ಇಳಿದರೂ ತಾನು ಇಳಿಯುವುದಿಲ್ಲ, ಅದೇ ದೋಣಿಯಲ್ಲಿ ಹಿಂದಕ್ಕೆ ಬರುತ್ತಾಳೆ. ಯಾಕೆ ಎಂದು ಅವನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ನಿಜ ಹೇಳುತ್ತೇನೆ, ನನಗೆ ಇದು ಹಿಡಿಸಲಿಲ್ಲ. ನೀರು, ನೀರು, ಮತ್ತೆ ನೀರು. ಹುಟ್ಟು ಹಾಕುವುದು, ಎತ್ತುವುದು. ಬಟ್ಟೆಯೆಲ್ಲ ಬೂದಿ ಬಣ್ಣ, ಅಂಚಿಲ್ಲ, ಹೂವಿಲ್ಲ. ಹೇಳಲು ನನಗೆ ಏನೂ ಸಿಗದೆ ಮೋಡದ ಆಕಾರಗಳನ್ನೆಲ್ಲ ಹೇಳಿ ಮುಗಿಸಿದೆ. ಆದರೆ ತಾತ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ‘ಇವತ್ತೂ ಇಳೀಲಿಲ್ವಾ?’ ‘ಇಲ್ಲ.’ ‘ಪೆಟ್ಟಿಗೆ ಇದೆಯಾ?’ ‘ಇದೆ.’ ‘ಭಾರ ಇದ್ದ ಹಾಗಿದೆಯಾ, ಹಗುರ ಇದ್ದ ಹಾಗಿದೆಯಾ?’ ನನಗೆ ಸಾಕುಸಾಕಾಯಿತು. ಕೊನೆಗೆ ಒಂದು ಸಂಜೆ ದೋಣಿಯವನು ನಡು ನೀರಿನಲ್ಲಿ ಹುಟ್ಟು ಮೇಲೆತ್ತಿ ಇಟ್ಟು, ಅವಳನ್ನೇ ನೋಡುತ್ತಾನೆ. ಅವಳ ಕೈ ಪೆಟ್ಟಿಗೆಯ ಚಿಲಕಕ್ಕೆ ಹೋಗುತ್ತದೆ.

ಅಲ್ಲಿಗೆ ನನ್ನ ಬಾಯಿ ನಿಂತಿತು.

ತಾತ ಮೊಣಕೈಯಿಂದ ತಿವಿದರಂತೆ, ಒಂದಲ್ಲ, ಎರಡು ಸಲ. ನಾನು ಮಿಸುಕಲಿಲ್ಲ. ದೀಪ ಹತ್ತಿದಾಗ ಅಕ್ಕಪಕ್ಕದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು, ತಾತ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು. ‘ಆಮೇಲೆ? ಚಿಲಕ ತೆಗೆದಳಾ? ಒಳಗೆ ಏನಿತ್ತು?’

‘ಆಮೇಲಿನದು ಹೇಳಲ್ಲ.’

‘ಯಾಕೆ?’

‘ಹೇಳಿದರೆ ನಂಬ್ತೀರಾ?’

ನಾಯಿ ಬದುಕಿಸಿದವಳ ಮಾತನ್ನು ಪೆಟ್ಟಿಗೆಯ ವಿಷಯದಲ್ಲಿ ಹೇಗೆ ನಂಬುವುದು? ‘ಬೇಕಾದರೆ ಕಣ್ಣು ಮಾಡಿಸಿಕೊಂಡು ನೀವೇ ನೋಡಿ’ ಎಂದೆ. ಬಾಯಿಗೆ ಹೇಗೆ ಬಂತೋ ಹಾಗೆ ಹೇಳಿದ ಮಾತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ತಾತ ಪೆಟ್ಟಿಗೆ, ಚಿಲಕ ಎಂದು ತಮ್ಮಷ್ಟಕ್ಕೇ ಗೊಣಗುತ್ತ ನಡೆದದ್ದು ನೋಡಿ, ಓಹೋ, ಗಾಳ ನುಂಗಿದೆ ಮೀನು ಎಂದು ನನಗೆ ಹೊಳೆಯಿತು. ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಬೀದಿಯವರ ಬಾಯಿಗೆಲ್ಲ ಹೊಲಿಗೆ ಹಾಕಿ ಬಂದೆ. ತಾತನಿಗೆ ಕೊನೆ ಹೇಳಿದವರ ಬಟ್ಟೆಯನ್ನು ಇನ್ನು ನನ್ನ ಸೂಜಿ ಮುಟ್ಟುವುದಿಲ್ಲ ಎಂದೆ. ‘ಆದ್ರೂ ಅಜ್ಜಿ, ಆ ಪೆಟ್ಟಿಗೆ ಒಳಗೆ...’ ಎಂದು ಕಟಿಂಗ್ ಅಂಗಡಿಯವನು ಶುರು ಮಾಡಿದ. ‘ನನ್ನ ಹತ್ತಿರವೂ ಬೇಡ, ಗೋಡೆಗೂ ಕಿವಿ ಇರುತ್ತೆ’ ಎಂದು ಅವನ ಬಾಯಿಯನ್ನೂ ಮುಚ್ಚಿಸಿದೆ.

ತಾತ ಬಿಡುತ್ತಾರೆಯೇ? ಸೈಕಲ್ಲಿನವನಿಗೆ ಕಡಲೆಕಾಯಿ ಕೊಡಿಸಿ ಕೇಳಿದರು. ಅವನು ಅಷ್ಟನ್ನೂ ತಿಂದು, ಕೈ ಕೊಡವಿ, ‘ಮುಂದಿನ ವಾರ ನನಗೆ ಪ್ಯಾಂಟು ಹೊಲಿಸಬೇಕು ತಾತ, ಕ್ಷಮಿಸಿ’ ಎಂದನಂತೆ. ಹಾಲಿನವಳನ್ನು ಕೇಳಿದರೆ ಅವಳು ಪಾತ್ರೆಯ ಮುಚ್ಚಳ ಜೋರಾಗಿ ಬಡಿದು ಕೇಳಿಸದವಳ ಹಾಗೆ ಹೋದಳು. ಊಟಕ್ಕೆ ಕೂತರೂ ಅದೇ: ‘ಒಳಗೆ ಬಟ್ಟೆ ಇದ್ದಿರಬಹುದಾ? ಮಗುವಿನ ಬಟ್ಟೆ? ಕಾಗದ? ಏನೂ ಇಲ್ಲದೆಯೂ ಇರಬಹುದಲ್ವಾ?’ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಹೇಳಿದರು, ಅವರ ಬಸ್ಸಿನಲ್ಲೂ ಅಂಥವನೊಬ್ಬ ಇದ್ದನಂತೆ. ಸಂಜೆ ಹತ್ತಿ, ಕೊನೆಯ ನಿಲ್ದಾಣದವರೆಗೆ ಟಿಕೆಟು ತೆಗೆದುಕೊಂಡು, ಅಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದನಂತೆ. ‘ಒಂದು ದಿನ ಕೇಳೋಣ, ಒಂದು ದಿನ ಕೇಳೋಣ ಅಂತಲೇ ಇದ್ದೆ. ಕನ್ನಡೀಲಿ ದಿನಾ ನೋಡ್ತಿದ್ದೆ ಅವನ ಮುಖ. ಆಮೇಲೆ ಅವನು ಬರೋದೇ ನಿಂತುಹೋಯ್ತು.’ ಇಷ್ಟು ವರ್ಷ ಜೊತೆಗಿದ್ದೇನೆ, ಈ ಮಾತು ನನಗೆ ಹೇಳಿದ್ದು ಇದೇ ಮೊದಲು. ಸಿನಿಮಾದ ದೋಣಿಯವನು ನಡು ನೀರಿನಲ್ಲಿ ದೋಣಿ ನಿಲ್ಲಿಸಿದಾಗ ತಾತ ಯಾಕೆ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದರು ಎಂದು ನನಗೆ ಆಗ ಅರ್ಥವಾಯಿತು. ನನಗೆ ಹಿಡಿಸದ ಸಿನಿಮಾ ಅವರ ಎದೆಯನ್ನೇ ಹಿಡಿದು ಕೂತಿತ್ತು. ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಪಟ್ಟನೆ ಹೇಳುವ ಬಾಯಿ ನನ್ನದು. ಇನ್ನು ಮೇಲೆ ಯಾರಿಗೆ ಚೆನ್ನಾಗಿದೆ ಎಂದು ಸೇರಿಸಿ ಹೇಳಬೇಕು ನೋಡು.

ಮೊನ್ನೆ ಶುಕ್ರವಾರ ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಪಕ್ಕ ಬಂದು ಕೂತರು. ‘ಆ ಡಾಕ್ಟರಮ್ಮನ ಕೈ ನಡುಗುತ್ತಾ?’

‘ಇಲ್ಲ.’

‘ನೀನು ಸೂಜಿ ಹಿಡೀತೀಯಲ್ಲ, ಹಾಗಿದೆಯಾ?’

‘ನನ್ನದಕ್ಕಿಂತ ಗಟ್ಟಿ.’

‘ನಿನ್ನ ಮಾತು ನಂಬಬಹುದಾ?’

‘ಇದು ಸಿನಿಮಾ ಅಲ್ಲ ರೀ.’

ಕೋಲನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿ, ಅದರ ಹಿಡಿಯನ್ನು ಸ್ಟೇರಿಂಗಿನ ಹಾಗೆ ಒಂದು ಸುತ್ತು ತಿರುಗಿಸಿದರು. ‘ಸರಿ, ಒಂದು ಟ್ರಿಪ್ಪಿಗೆ ಕೊಡ್ತೀನಿ. ಆದರೆ ಒಂದು ಷರತ್ತು. ಕಣ್ಣು ಬಂದ ಮೇಲೆ ಆ ನಾಯಿ ಸಿನಿಮಾ ಮಾತ್ರ ನನಗೆ ಯಾರೂ ತೋರಿಸಬಾರದು. ಅದು ಹಾಗೇ ಇರಲಿ, ಮನೆಗೆ ಬಂದ ಹಾಗೆ.’ ಆಗಲಿ ಎಂದೆ. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ, ಸುಮಾರು ಹೊತ್ತು.

ಮುಂದಿನ ಬುಧವಾರ, ತಾರೀಖು ಹತ್ತೊಂಬತ್ತಕ್ಕೆ ಆಪರೇಷನ್ ಗೊತ್ತುಮಾಡಿದ್ದಾರೆ ಎಂದು ಬರೆಯುವ ಹೊತ್ತಿಗೆ ನನ್ನ ಕೈಯೇ ಹಗುರವಾಗಿದೆ. ಮೊದಲು ಬಲಗಣ್ಣು, ಅದು ಮಾಗಿದ ಮೇಲೆ ಎಡಗಣ್ಣು. ನಿನ್ನೆ ಹೋದಾಗ ಡಾಕ್ಟರಮ್ಮ ನಕ್ಕು, ‘ಏನು ತಾತ, ಹೇಗೆ ಮನಸ್ಸು ಬಂತು?’ ಎಂದರೆ ಇವರು ಗಂಭೀರವಾಗಿ, ‘ಒಂದು ಪೆಟ್ಟಿಗೆ ನೋಡೋದಿದೆ’ ಎಂದರು. ಅವರು ಏನು ತಿಳಿದುಕೊಂಡರೋ, ತಲೆಯಾಡಿಸಿ ತಾರೀಖು ಬರೆದುಕೊಂಡರು.

ಕಾಗದ ಇಲ್ಲಿಗೆ ಮುಗಿಸುತ್ತೇನೆ. ತಾತ ಇದನ್ನೂ ಬರಿ ಎನ್ನುತ್ತಿದ್ದಾರೆ: ‘ತಿರುವಿನಲ್ಲಿ ರಸ್ತೆಯ ಹೊರ ಅಂಚು ಎತ್ತರ ಇರಲಿ, ಒಳ ಅಂಚು ತಗ್ಗಿರಲಿ. ಮೇಲಿನವರು ಬೇಡ ಅಂದರೆ ನನ್ನ ಹತ್ತಿರ ಕಳಿಸು.’ ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಮ್ಮ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಅಳೆದ ದಾರಿಯಲ್ಲಿ ಹೋದವರೆಲ್ಲ ಕ್ಷೇಮವಾಗಿ ಮನೆ ಸೇರಲಿ, ಆ ಪುಣ್ಯ ನಿನ್ನನ್ನು ಕಾಯಲಿ.

ಇತಿ,
ಯಾವತ್ತಿಗೂ ತಾತನ ಎಡಗಡೆ ಕೂರುವ
ನಿನ್ನ ಅಜ್ಜಿ

ಬಿಟ್ಟುಹೋದದ್ದು: ತಾತ ಇಷ್ಟು ದಿನ ಹಟ ಹಿಡಿದು ಹಾಗೇ ಬಿಟ್ಟಿದ್ದ ಅರ್ಧ ಮೀಸೆ ಕತ್ತರಿಸಿಕೊಳ್ಳಲು ಸೈಕಲ್ಲಿನವನ ಕೈ ಹಿಡಿದು ಈಗ ತಾನೆ ಹೊರಟರು, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ. ಇದನ್ನು ಅವರಿಗೆ ಓದಿ ಹೇಳುವುದಿಲ್ಲ, ನೀನೂ ಹೇಳಬೇಡ. ಆ ದೋಣಿಯ ಸಿನಿಮಾವನ್ನು ನಮ್ಮ ಥಿಯೇಟರಿನಿಂದ ತೆಗೆದುಬಿಟ್ಟರು. ನಿನ್ನ ಲ್ಯಾಪ್‌ಟಾಪಿನಲ್ಲಿ ದುಡ್ಡು ಕಟ್ಟಿದರೆ ನೋಡಬಹುದಂತೆ, ಟಿಕೆಟು ಕೊಡುವವಳು ಹೇಳಿದಳು. ರಜೆ ಕೇಳಿಕೊಂಡು ಗುರುವಾರ ಪಟ್ಟಿ ಬಿಚ್ಚುವ ಹೊತ್ತಿಗೆ ಬಾ. ತಾತನ ಕಣ್ಣು ಎಂದು ಹೇಳಿ ಕೇಳು, ಸಿನಿಮಾ ಎಂದು ಹೇಳಿ ಕೇಳಬೇಡ. ಇನ್ನೊಂದು ವಿಷಯ. ಪೆಟ್ಟಿಗೆಯೊಳಗೆ ಏನಿತ್ತು ಎಂದು ನನಗೂ ಗೊತ್ತಿಲ್ಲ ಮಗಳೇ. ಅವಳ ಕೈ ಚಿಲಕಕ್ಕೆ ಹೋದದ್ದಷ್ಟೇ ನೆನಪು, ಅಷ್ಟರಲ್ಲಿ ನಾನು ನಿದ್ದೆ ಹೋಗಿದ್ದೆ. ಸದ್ಯ, ಗೊರಕೆ ಬರಲಿಲ್ಲ. ಬೀದಿಯಲ್ಲಿ ಯಾರನ್ನಾದರೂ ಕೇಳೋಣವೆಂದರೆ ಎಲ್ಲರ ಬಾಯಿ ಹೊಲಿದವಳು ನಾನೇ. ದಾರಿಯಲ್ಲಿ ನೀನೊಬ್ಬಳೇ ಮುಂಚೆ ನೋಡಿಬಿಡಬೇಡ, ಮೂವರೂ ಒಟ್ಟಿಗೆ ನೋಡೋಣ. ನೀನು ತಾತನ ಬಲಕ್ಕೆ ಕೂರು. ನಾನು ಮತ್ತೆ ತೂಕಡಿಸಿದರೆ ಎಬ್ಬಿಸಬೇಡ, ಉಳಿದದ್ದನ್ನು ತಾತ ನನ್ನ ಕಿವಿಯಲ್ಲಿ ಹೇಳಲಿ. ಹೇಗೆ ಹೇಳಿದರೂ ನಂಬುತ್ತೇನೆ. ಮೆಟ್ಟಿಲ ಹತ್ತಿರ ಕೋಲಿನ ಸದ್ದು ಬಂತು, ಅಂಗಡಿ ಮುಚ್ಚಿತ್ತೋ ಏನೋ. ಲಕೋಟೆ ಅಂಟಿಸುತ್ತಿದ್ದೇನೆ. ಬಾ.